ಘಾಟಿಲಿ ಗಾಡಿ ಎಳೀತಿಲ್ವಾ, ಸೀಟಿ ಹೊಡೀತಿದ್ಯಾ? ಟರ್ಬೊ ಬಿಚ್ಚಿಸೋ ಮುಂಚೆ ಇಷ್ಟನ್ನು ಇದೇ ಕ್ರಮದಲ್ಲಿ ನೋಡಿ

ಮಳೆಗಾಲ ಮುಗಿಯುತ್ತಿದ್ದ ಹಾಗೇ ನನಗೆ ಬರುವ ಪ್ರಶ್ನೆ ಒಂದೇ. "ಗಾಡಿ ಏರಲ್ಲಿ ಎಳೀತಿಲ್ಲ, ಏನೋ ಸೀಟಿ ಸದ್ದು ಬರ್ತಿತ್ತು, ಟರ್ಬೊ ಹೋಗಿದೆ ಅಂದ್ರು, ಹೊಸದು ಹಾಕಿಸಿದೆ, ಆದ್ರೂ ಹಂಗೇ ಇದೆ ಮಾರಾಯ." ಹೊಸ ಟರ್ಬೊ ಹಾಕಿಸಿದ ಮೇಲೂ ಹಾಗೇ ಇದ್ದರೆ ಹಳೇ ಟರ್ಬೊ ಚೆನ್ನಾಗೇ ಇತ್ತು ಅಂತ ಅರ್ಥ. ಇಲ್ಲಾ, ಅದನ್ನು ಕೆಡಿಸಿದ ಕಾರಣ ಇನ್ನೂ ಒಳಗೇ ಕೂತಿದೆ.

ನಾನೂ ಒಂದು ಸಲ ಏಮಾರುವುದರಲ್ಲಿದ್ದೆ. ಹಳೇ 1.3 ಲೀಟರ್ ಡೀಸೆಲ್ ಗಾಡಿ. ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತುವಾಗ ಮೂರನೇ ಗೇರಲ್ಲಿ ಹೋಗುತ್ತಿದ್ದದ್ದು ಎರಡಕ್ಕೆ ಬಂತು, ಆಮೇಲೆ ಒಂದಕ್ಕೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಸುಮ್ಮನಾದ. ಗ್ಯಾರೇಜಿನವರು ಬಾನೆಟ್ ಎತ್ತಿ ಎರಡು ಸಲ ರೇಸ್ ಕೊಟ್ಟು ನೋಡಿ ಟರ್ಬೊ ಅಂದರು. ಕೊನೆಗೆ ಸಿಕ್ಕಿದ್ದು ಬೇರೇನೋ. ಅದನ್ನು 5ನೇ ಹಂತದಲ್ಲಿ ಹೇಳುತ್ತೇನೆ.

ಕ್ರಮ ಯಾಕೆ ಮುಖ್ಯ ಅಂದರೆ, ಟರ್ಬೊ ಒಂಟಿಯಾಗಿ ಕೆಲಸ ಮಾಡುವ ಸಾಮಾನಲ್ಲ. ಗಾಳಿ ಏರ್ ಫಿಲ್ಟರ್ ದಾಟಿ, ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ದಾಟಿ, ಟರ್ಬೊದೊಳಗೆ ಒತ್ತಡ ಏರಿಸಿಕೊಂಡು, ಹೋಸ್ ಮೂಲಕ ಇಂಟರ್‌ಕೂಲರಿಗೆ ಹೋಗಿ ತಣ್ಣಗಾಗಿ, ಇನ್ನೊಂದು ಹೋಸಿನಲ್ಲಿ ಎಂಜಿನ್ ಸೇರುತ್ತದೆ. ಟರ್ಬೊವನ್ನು ತಿರುಗಿಸುವುದು ಹೊರಗೆ ಹೋಗುವ ಹೊಗೆ. ಈ ದಾರಿಯಲ್ಲಿ ಎಲ್ಲಿ ತೂತು ಬಿದ್ದರೂ, ಎಲ್ಲಿ ಕಟ್ಟಿಕೊಂಡರೂ ನಿಮಗೆ ಗೊತ್ತಾಗುವುದು ಒಂದೇ ಥರ: ಪಿಕಪ್ ಇಲ್ಲ. ಹಾಗಾಗಿ ಕಡಿಮೆ ಖರ್ಚಿನದ್ದು ಮೊದಲು, ಟರ್ಬೊ ಕಟ್ಟಕಡೆಗೆ.

ಬೇಕಾಗುವ ಸಾಮಾನು

ಒಳ್ಳೇ ಟಾರ್ಚ್, ಚಪ್ಪಟೆ ಸ್ಕ್ರೂಡ್ರೈವರ್, 7, 8 ಮತ್ತು 10 ಎಂಎಂ ಸಾಕೆಟ್, ಒಂದು ಮೀಟರ್ ರಬ್ಬರ್ ಪೈಪ್, ಸೋಪು ನೀರು ತುಂಬಿದ ಸ್ಪ್ರೇ ಬಾಟಲಿ, ಮ್ಯಾಫ್ ಸೆನ್ಸರಿಗೆಂದೇ ಸಿಗುವ ಕ್ಲೀನರ್ ಸ್ಪ್ರೇ. ಜೊತೆಗೆ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದಿ, ಮೊಬೈಲಿಗೆ ಬ್ಲೂಟೂತಲ್ಲಿ ಕನೆಕ್ಟ್ ಆಗುವ ಒಬಿಡಿ ಸ್ಕ್ಯಾನರ್. ದುಬಾರಿ ಸ್ಕ್ಯಾನರ್ ಬೇಡ, ಕೋಡ್ ಓದಿ ಲೈವ್ ರೀಡಿಂಗ್ ತೋರಿಸಿದರೆ ಸಾಕು. ಹಳೇ ಬನಿಯನ್ ಬಟ್ಟೆ ಎರಡು ತುಂಡು ಇಟ್ಟುಕೊಳ್ಳಿ.

ಇವು ಕಂಡರೆ ಮುಂದೆ ಓದಬೇಡಿ, ಗಾಡಿ ನಿಲ್ಲಿಸಿ

ಕೆಂಪು ಆಯಿಲ್ ಲೈಟ್ ಹತ್ತಿದರೆ ಆ ಕ್ಷಣವೇ ಎಂಜಿನ್ ಆಫ್. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಬಂದು ಜೊತೆಗೆ ನೀಲಿ ಹೊಗೆ ದಟ್ಟವಾಗಿ ಬಂದರೂ ಅಷ್ಟೇ. "ತೀರ್ಥಹಳ್ಳಿವರೆಗೆ ಹೇಗೋ ಹೋಗಿ ತೋರಿಸೋಣ" ಅನ್ನಬೇಡಿ, ಟೋ ಮಾಡಿಸಿ. ಟರ್ಬೊ ಚಕ್ರ ಒಡೆದು ಚೂರು ಎಂಜಿನ್ ಒಳಗೆ ಹೋದರೆ ಕಥೆ ಮುಗಿಯಿತು.

ಡೀಸೆಲ್ ಗಾಡಿಯಲ್ಲಿ ಇನ್ನೊಂದು ಅಪಾಯವಿದೆ. ಅಪರೂಪ, ಆದರೆ ಗೊತ್ತಿರಲೇಬೇಕು. ಟರ್ಬೊದ ಸೀಲ್ ಹೋಗಿ ಆಯಿಲ್ ನೇರವಾಗಿ ಎಂಜಿನ್ ಸೇರಿದರೆ, ಎಂಜಿನ್ ಆ ಆಯಿಲನ್ನೇ ಸುಟ್ಟುಕೊಂಡು ತಾನಾಗಿಯೇ ರೇಸ್ ಆಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಆಗ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ನಾಲ್ಕನೇ ಅಥವಾ ಐದನೇ ಗೇರಿಗೆ ಹಾಕಿ ಕ್ಲಚ್ ಬಿಡಿ. ಉಸಿರು ಕಟ್ಟಿ ನಿಲ್ಲಬೇಕು. ಗಾಬರಿಯಲ್ಲಿ ಗಾಳಿ ಪೈಪಿಗೆ ಕೈ ಅಡ್ಡ ಇಡಲು ಹೋಗಬೇಡಿ.

ಮಳೆಯಲ್ಲಿ ನೀರು ತುಂಬಿದ ರಸ್ತೆ ದಾಟುವಾಗ ಎಂಜಿನ್ ನಿಂತಿದ್ದರೆ ಮತ್ತೆ ಸ್ಟಾರ್ಟ್ ಮಾಡಲೂ ಹೋಗಬೇಡಿ. ಸಿಲಿಂಡರ್ ಒಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಹಂತ 1: ತಪ್ಪು ಎಂಜಿನ್ನಿನದ್ದೇನಾ?

ಖಾಲಿ ರಸ್ತೆಯಲ್ಲಿ ಸ್ವಲ್ಪ ಏರಿರುವ ಕಡೆ ನಾಲ್ಕನೇ ಗೇರಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ ಹೋಗಿ ಸ್ಪೀಡ್ ಮಾತ್ರ ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ನಮ್ಮ ಕಡೆ ಇದು ಜಾಸ್ತಿ. ತಿರುವಿನಲ್ಲಿ ಅರ್ಧ ಕ್ಲಚ್ಚಲ್ಲೇ ಗಾಡಿ ನಿಲ್ಲಿಸಿಕೊಂಡು ಎದುರಿನ ಬಸ್ಸಿಗೆ ದಾರಿ ಬಿಡುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ?

ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ. ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಹೊಡೆಯುತ್ತಿದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ. ಇವೆರಡೂ ಇಲ್ಲ ಅಂದರೆ ಬಾನೆಟ್ ಎತ್ತೋಣ.

ಹಂತ 2: ಸದ್ದು ಕೇಳಿ, ಹೊಗೆ ನೋಡಿ

ಹೆಚ್ಚಿನವರು ತಪ್ಪುವುದು ಇಲ್ಲೇ. ನಿಂತ ಗಾಡಿಯಲ್ಲಿ ರೇಸ್ ಕೊಟ್ಟು ಟರ್ಬೊ ಸದ್ದು ಕೇಳುತ್ತಾರೆ. ನಿಂತಾಗ ಎಂಜಿನ್ ಮೇಲೆ ಭಾರವೇ ಇರುವುದಿಲ್ಲ, ಟರ್ಬೊ ಹೆಚ್ಚು ಒತ್ತಡ ಕಟ್ಟುವುದಿಲ್ಲ. ಸದ್ದು ಹೊರಗೆ ಬರುವುದು ಏರಿನಲ್ಲಿ, ಭಾರದಲ್ಲಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಕಿಟಕಿ ಇಳಿಸಿ, ಎಸಿ ಮತ್ತು ಹಾಡು ಬಂದ್ ಮಾಡಿ. ಗೋಡೆ ಅಥವಾ ಧರೆ ಪಕ್ಕದಲ್ಲಿ ಹೋದರೆ ಸದ್ದು ತಿರುಗಿ ಬಂದು ಚೆನ್ನಾಗಿ ಕೇಳುತ್ತದೆ.

ಏರಿನಲ್ಲಿ ಮಾತ್ರ "ಸ್ಸ್ಸ್" ಅಂತ ಗಾಳಿ ಬಿಟ್ಟ ಸದ್ದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ಬಂದ್: ಹೋಸ್ ಸೀಳಿದೆ ಅಥವಾ ಕ್ಲಿಪ್ ಸಡಿಲಾಗಿದೆ. ಇದಕ್ಕೇ ಜನ ಟರ್ಬೊ ಬದಲಾಯಿಸುವುದು.

ಆಂಬುಲೆನ್ಸ್ ಸೈರನ್ ಹಾಗೆ ಆರ್‌ಪಿಎಂ ಜೊತೆ ಏರಿ ಇಳಿಯುವ ಊಳು: ಇದೇ ಟರ್ಬೊದ ನಿಜವಾದ ದೂರು, ಬೇರಿಂಗ್ ಸವೆದಿರಬಹುದು. ಆದರೆ ದೊಡ್ಡ ಹೋಸಿನ ಸೀಳೂ ಕೆಲವೊಮ್ಮೆ ಇದೇ ರಾಗ ತೆಗೆಯುತ್ತದೆ. ತೆಳ್ಳಗಿನ ಸಿಳ್ಳು ಮಾತ್ರ ಬಂದರೆ, ಮೊದಲಿನಿಂದಲೂ ಇದ್ದರೆ, ಅದು ಮಾಮೂಲು. ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಸ್ವಲ್ಪವಾದರೂ ಸದ್ದು ಮಾಡಬೇಡವೇ.

ಬೆಳಿಗ್ಗೆ ತಣ್ಣಗಿರುವಾಗ "ಟುಪ್ ಟುಪ್ ಟುಪ್", ಬಿಸಿಯಾದ ಮೇಲೆ ಕಮ್ಮಿ: ಹೊಗೆ ದಾರಿಯ ಗ್ಯಾಸ್ಕೆಟ್ ಅಥವಾ ಮ್ಯಾನಿಫೋಲ್ಡ್ ಬಿರುಕು. ಡೀಸೆಲ್ಲಿನಲ್ಲಿ ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಹೋದರೂ ಇಂಥದ್ದೇ ಸದ್ದು. ಆಗ ಇಂಜೆಕ್ಟರ್ ಸುತ್ತ ಡಾಂಬರಿನ ಹಾಗೆ ಕಪ್ಪು ಕಟ್ಟಿರುತ್ತದೆ.

ತಗಡು ಅಲ್ಲಾಡಿದ ಹಾಗೆ "ಗರ್ರ್", ಐಡಲ್ ಹತ್ತಿರ ಮಾತ್ರ: ಹೆಚ್ಚಾದ ಹೊಗೆಯನ್ನು ಟರ್ಬೊ ಚಕ್ರಕ್ಕೆ ತಾಗಿಸದೆ ಹೊರಗೆ ಬಿಡುವ ವೇಸ್ಟ್‌ಗೇಟ್ ಬಾಗಿಲು ಸಡಿಲ, ಇಲ್ಲಾ ಸೈಲೆನ್ಸರಿನ ಶಾಖ ತಡೆಯುವ ತಗಡಿನ ಬೋಲ್ಟ್ ಬಿದ್ದಿದೆ. ಎರಡನೆಯದು ಹತ್ತು ರೂಪಾಯಿ ಬೋಲ್ಟಿನ ಕೆಲಸ, ಅದನ್ನು ಮೊದಲು ನೋಡಿ.

ಬೆಲ್ಟಿನ ರಾಟೆಯ ಬೇರಿಂಗ್ ಹೋದಾಗಲೂ ಊಳು ಬರುತ್ತದೆ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಟು ಇನ್ನೊಂದನ್ನು ಅನುಮಾನವಿದ್ದ ಕಡೆ ಹಿಡಿಯಿರಿ, ಡಾಕ್ಟರ್ ಎದೆ ನೋಡಿದ ಹಾಗೆ. ಎಲ್ಲಿ ಜೋರೋ ಅಲ್ಲೇ ತಪ್ಪು. ಬೆಲ್ಟಿಗೆ, ಫ್ಯಾನಿಗೆ ಪೈಪೂ ತಾಗಬಾರದು, ತೋಳಿನ ಬಟ್ಟೆಯೂ ತಾಗಬಾರದು.

ಹೊಗೆ ನೋಡಲು ಹಿಂದೆ ಬೈಕಲ್ಲಿ ಒಬ್ಬರು ಬರಲಿ. ಕಪ್ಪು ಅಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಮಟ್ಟ ನೋಡಿ. ಬೆಳಿಗ್ಗೆ ಮಂಜಿನಲ್ಲಿ ಎರಡು ನಿಮಿಷ ಬಿಳಿ ಆವಿ ಬಂದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಆಗುಂಬೆಯಲ್ಲಿ ನಮ್ಮ ಬಾಯಿಂದಲೂ ಬರುತ್ತದೆ.

ಹಂತ 3: ಸ್ಕ್ಯಾನ್ ಮಾಡಿ, ಕೋಡ್ ಅಳಿಸಬೇಡಿ

ಸ್ಕ್ಯಾನರ್ ಕೊಟ್ಟ ಕೋಡನ್ನು ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಅಳಿಸಿದರೆ ಲೈಟ್ ಆರುತ್ತದೆ, ಗಾಡಿ ಎರಡು ದಿನ ಚೆನ್ನಾಗೂ ಓಡುತ್ತದೆ, ಸುಳಿವು ಮಾತ್ರ ಕಳೆದುಹೋಗುತ್ತದೆ.

ಪಿ0299 ಅಂದರೆ ಒತ್ತಡ ಸಾಲದು. "ಟರ್ಬೊ ಹೋಗಿದೆ" ಅಂತ ಅದರ ಅರ್ಥ ಅಲ್ಲ, ಸುಮ್ನೆ ಹಾಗೆ ಓದುತ್ತಾರೆ. ಪಿ0234 ಅಂದರೆ ಒತ್ತಡ ಮಿತಿ ಮೀರಿದೆ, ಸರಳು ಎಳೆದು ಟರ್ಬೊ ಒತ್ತಡವನ್ನು ಹತೋಟಿಯಲ್ಲಿಡುವ ಆಕ್ಚುಯೇಟರ್ ಕಡೆ ನೋಡಬೇಕು. ಪಿ0101 ಮ್ಯಾಫ್ ಸೆನ್ಸರಿನದ್ದು, ಪಿ0401 ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್‌ದು, ಪಿ2463 ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಒಳಗೆ ಮಸಿ ಜಾಸ್ತಿ ಕಟ್ಟಿದೆ ಅಂತ. ಗಾಡಿ ಸುಮಾರು 3000 ಆರ್‌ಪಿಎಂ ಮೇಲೆ ಹೋಗದೆ, ಆಫ್ ಮಾಡಿ ಆನ್ ಮಾಡಿದರೆ ಸರಿಯಾಗಿ, ಮತ್ತೆ ಅದೇ ಏರಲ್ಲಿ ಕೈಕೊಟ್ಟರೆ ಅದು ಲಿಂಪ್ ಮೋಡ್. ಎಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ.

ಈಗ ಲೈವ್ ರೀಡಿಂಗ್. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಮ್ಯಾಪ್ ಸೆನ್ಸರಿನ (ಮ್ಯಾಫ್ ಅಲ್ಲ, ಇದು ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ರೀಡಿಂಗ್ ಓದಿ. ಸಮುದ್ರ ಮಟ್ಟದಲ್ಲಿ 101 ಕಿಲೋಪಾಸ್ಕಲ್ ತೋರಿಸುವುದು ಶಿವಮೊಗ್ಗದಲ್ಲಿ 95ರ ಆಸುಪಾಸು ಇರುತ್ತದೆ, ನಾವು ಎತ್ತರದಲ್ಲಿದ್ದೇವಲ್ಲ. ಅದು 70 ಅಥವಾ 120 ತೋರಿಸಿದರೆ ಸೆನ್ಸರೇ ಸುಳ್ಳು ಹೇಳುತ್ತಿದೆ. ಆಮೇಲೆ ಏರಿನಲ್ಲಿ ಮೂರನೇ ಗೇರ್, 2000ದಿಂದ 3000 ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್. ರೀಡಿಂಗ್ ಪಕ್ಕದವರು ನೋಡಲಿ, ನೀವು ರಸ್ತೆ ನೋಡಿ. ಆಗುಂಬೆಯ 14 ಹೇರ್‌ಪಿನ್ ತಿರುವು ಇದಕ್ಕೆ ಜಾಗ ಅಲ್ಲ, ನೇರ ಏರು ಹುಡುಕಿ. ಹೆಚ್ಚಿನ ಸಣ್ಣ ಡೀಸೆಲ್ ಕಾರಲ್ಲಿ 180ರಿಂದ 220ರ ಹತ್ತಿರ ಬರಬೇಕು. ಟರ್ಬೊ ಪೆಟ್ರೋಲಿನಲ್ಲಿ ಮಾಡೆಲ್ಲಿನಿಂದ ಮಾಡೆಲ್ಲಿಗೆ ವ್ಯತ್ಯಾಸ ಇರುತ್ತದೆ. 110ರಲ್ಲೇ ನಿಂತರೆ ಗಾಳಿ ಎಲ್ಲೋ ಸೋರುತ್ತಿದೆ ಅಥವಾ ಟರ್ಬೊ ತಿರುಗುತ್ತಿಲ್ಲ. ಒತ್ತಡ ಚೆನ್ನಾಗಿ ಬಂದೂ ಗಾಡಿ ಎಳೆಯದಿದ್ದರೆ 8ನೇ ಹಂತಕ್ಕೆ ಹಾರಿ. ರೀಡಿಂಗ್ 255ರಲ್ಲಿ ನಿಂತರೆ ಹೆದರಬೇಡಿ, ಆ ಮಾಮೂಲಿ ಒಬಿಡಿ ಅಳತೆ ಅದಕ್ಕಿಂತ ಮೇಲೆ ತೋರಿಸುವುದಿಲ್ಲ.

ಹಂತ 4: ಗಾಳಿ ಒಳಗೆ ಬರುವ ಬಾಯಿ

ಏರ್ ಫಿಲ್ಟರ್ ಡಬ್ಬ ಬಿಚ್ಚಿ. "ಹೋದ ತಿಂಗಳು ತಾನೇ ಸರ್ವಿಸ್ ಆಗಿದೆ" ಅಂತ ಬಿಡಬೇಡಿ. ಅಡಿಕೆ ಕೊಯ್ಲಿನ ಕಾಲದಲ್ಲಿ ಕಣದ ಪಕ್ಕ ನಿಲ್ಲಿಸಿದ ಗಾಡಿಯೊಂದರ ಡಬ್ಬದಲ್ಲಿ ನಾನು ನೋಡಿದ್ದು: ಒಣ ಹುಲ್ಲು, ಅಡಿಕೆ ಸಿಪ್ಪೆಯ ನಾರು, ಭತ್ತದ ಹೊಟ್ಟು, ನಡುವೆ ಅಚ್ಚುಕಟ್ಟಾದ ಇಲಿ ಗೂಡು. ಎಂಜಿನ್ ಪಾಪ ಅದರ ಸಂದಿಯಲ್ಲೇ ಉಸಿರಾಡುತ್ತಿತ್ತು. ಮಳೆಗಾಲದಲ್ಲಿ ಕಾಗದದ ಫಿಲ್ಟರ್ ಒದ್ದೆಯಾಗಿ ಉಬ್ಬಿಕೊಳ್ಳುತ್ತದೆ. ಅದನ್ನು ಒಣಗಿಸಿ ಹಾಕಬೇಡಿ, ಹೊಸದು ಹಾಕಿ.

ಮ್ಯಾಫ್ ಸೆನ್ಸರಿನ ಒಳಗಿನ ತಂತಿ ಕೂದಲಿನಷ್ಟು ನಯ. ಬೆರಳು ಬೇಡ, ಬಟ್ಟೆ ಬೇಡ, ಕಾರ್ಬುರೇಟರ್ ಕ್ಲೀನರ್ ಅಂತೂ ಬೇಡವೇ ಬೇಡ. ಅದರದ್ದೇ ಸ್ಪ್ರೇ ಹೊಡೆದು, ಪೂರ್ತಿ ಆರಿದ ಮೇಲೆ ಹಾಕಿ.

ಹಂತ 5: ಹೋಸ್ ಮತ್ತು ಕ್ಲಿಪ್. ಇಲ್ಲಿ ಆತುರ ಬೇಡ

ಎಂಜಿನ್ ತಣ್ಣಗಾಗಲಿ. ಟರ್ಬೊದಿಂದ ಇಂಟರ್‌ಕೂಲರಿಗೆ, ಇಂಟರ್‌ಕೂಲರಿಂದ ಎಂಜಿನ್ನಿಗೆ ಹೋಗುವ ದಪ್ಪ ಹೋಸುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಹಿಂಡಿ, ತಿರುಚಿ, ಅಡಿಗೆ ಬೆರಳು ಹಾಯಿಸಿ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದರೆ ಎಲ್ಲವೂ ಹೊಸದರ ಹಾಗೇ ಕಾಣುತ್ತದೆ.

ನಮ್ಮ ಕಡೆಯ ಕೆಂಪು ಮಣ್ಣು ಇಲ್ಲಿ ಒಂದು ಉಪಕಾರ ಮಾಡುತ್ತದೆ. ಟರ್ಬೊ ಹೋಸಿನ ಒಳಗೆ ತೆಳುವಾದ ಆಯಿಲ್ ಪಸೆ ಯಾವಾಗಲೂ ಇರುತ್ತದೆ, ಅದು ದೋಷವಲ್ಲ. ಸೀಳು ಬಿದ್ದ ಕಡೆ ಗಾಳಿ ಜೊತೆ ಆ ಪಸೆ ಹೊರಗೆ ಚಿಮ್ಮುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ನನ್ನ ಗಾಡಿಯಲ್ಲಿ ಕೆಳಗಿನ ಹೋಸಿನ ತಳದಲ್ಲಿ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕುಂಕುಮ ಎಣ್ಣೆಯಲ್ಲಿ ಕಲಸಿದ ಹಾಗೆ ಕೆಂಪು ಮೆತ್ತಿತ್ತು. ಸುತ್ತ ಎಲ್ಲಾ ಒಣ ಧೂಳು, ಅಲ್ಲಿ ಮಾತ್ರ ಒದ್ದೆ. ಬಟ್ಟೆಯಲ್ಲಿ ಒರೆಸಿದೆ. ಏನೂ ಕಾಣಲಿಲ್ಲ. ಹೆಬ್ಬೆರಳಲ್ಲಿ ಹೋಸನ್ನು ಬಗ್ಗಿಸಿದಾಗ ಒಂದು ಇಂಚಿನ ಸೀಳು ಬಾಯಿ ಬಿಟ್ಟಿತು, ಬೆರಳು ತೆಗೆದರೆ ಮುಚ್ಚಿಕೊಂಡಿತು. ನಿಂತಲ್ಲಿ ರೇಸ್ ಕೊಟ್ಟರೆ ಅದು ತೆರೆಯುವುದೇ ಇಲ್ಲ, ಘಾಟಿಯ ಒತ್ತಡ ಬೇಕು. ಗ್ಯಾರೇಜಿನವರಿಗೆ ಸಿಗದಿದ್ದದ್ದು ಅದಕ್ಕೇ. ಹೋಸ್ ಬದಲಾಯಿಸಿದೆ, ಗಾಡಿ ಸರಿಯಾಯಿತು.

ಕಣ್ಣಿಗೆ ಸಿಗದಿದ್ದರೆ ಗಾಳಿ ತುಂಬಿ ನೋಡಿ. ಫಿಲ್ಟರ್ ಡಬ್ಬದ ಕಡೆಯ ಪೈಪನ್ನು ಬಿಚ್ಚಿ, ಅದರ ಬಾಯಿಗೆ ಸರಿಹೊಂದುವ ಪಿವಿಸಿ ಮುಚ್ಚಳಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ ಬಿಗಿಯಬೇಕು. ಎಂಜಿನ್ ಒಳಗಿನ ಆವಿಯನ್ನು ಗಾಳಿ ಪೈಪಿಗೆ ತರುವ ಬ್ರೀದರ್ ಪೈಪನ್ನು ಬೇರೆ ಮಾಡಿ, ಗಾಳಿ ಪೈಪಿನ ಕಡೆಯ ತೂತನ್ನು ಮುಚ್ಚಿ. ಇಲ್ಲದಿದ್ದರೆ ಗಾಳಿ ಎಂಜಿನ್ ಒಳಗೆ ನುಗ್ಗಿ ಆಯಿಲ್ ಸೀಲ್ ಕೆಡುತ್ತದೆ. 7-8 ಪಿಎಸ್‌ಐ ಸಾಕು. ಪಂಕ್ಚರ್ ಅಂಗಡಿಯಲ್ಲಿ ಮಾಡಿಸುವುದಾದರೆ ಗೇಜ್ ಮೇಲೆ ಕಣ್ಣಿರಲಿ, ಅವರು ಅಭ್ಯಾಸಬಲದಲ್ಲಿ 30 ಹೊಡೆದುಬಿಡುತ್ತಾರೆ. ಜೋಡಣೆಗಳ ಮೇಲೆ ಸೋಪು ನೀರು ಹೊಡೆದರೆ ಗುಳ್ಳೆ ಎದ್ದಲ್ಲಿ ಸೋರಿಕೆ. ಎಂಜಿನ್ ಮೂಲಕ ಸ್ವಲ್ಪ ಗಾಳಿ ಹೇಗೂ ಹೋಗುತ್ತದೆ, ಒತ್ತಡ ನಿಧಾನಕ್ಕೆ ಇಳಿದರೆ ಅದು ಸಹಜ. ಇಂಟರ್‌ಕೂಲರಿನ ತಳವನ್ನೂ ನೋಡಿ, ಮುಂದೆ ಕೂತಿರುವುದರಿಂದ ಕಲ್ಲು ಮೊದಲು ಬಡಿಯುವುದು ಅದಕ್ಕೇ.

ಸೀಳಿಗೆ ಟೇಪ್ ಸುತ್ತುವುದು ಮನೆ ತಲುಪುವವರೆಗೆ ಮಾತ್ರ. ಕ್ಲಿಪ್ಪನ್ನು ಶಕ್ತಿ ಇದ್ದಷ್ಟೂ ಬಿಗಿದರೆ ಹೋಸನ್ನೇ ಕತ್ತರಿಸುತ್ತದೆ.

ಹಂತ 6: ಸಣ್ಣ ಪೈಪ್ ಮತ್ತು ಆಕ್ಚುಯೇಟರ್

ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪುಗಳೆಂದರೆ ಇಲಿಗೂ ಅಳಿಲಿಗೂ ಇಷ್ಟ. ತುದಿಯಿಂದ ತುದಿಗೆ ನೋಡಿ, ತುದಿಗಳಲ್ಲೇ ಬಿರುಕು ಜಾಸ್ತಿ. ಸಂಶಯ ಬಂದರೆ ಬದಲಾಯಿಸಿ, ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ವ್ಯಾಕ್ಯೂಮ್ ಮೇಲೆ ನಡೆಯುವ ವಿಜಿಟಿ ಟರ್ಬೊ (ಒಳಗಿನ ರೆಕ್ಕೆಗಳು ಸರಿದು ಒತ್ತಡ ಹೊಂದಿಸುವಂಥದ್ದು) ಇದ್ದರೆ, ಒಬ್ಬರು ಎಂಜಿನ್ ಸ್ಟಾರ್ಟ್ ಮಾಡಲಿ, ನೀವು ಟರ್ಬೊ ಪಕ್ಕದ ಸರಳನ್ನು ನೋಡಿ. ಸ್ಟಾರ್ಟ್ ಆದಾಗ ಎಳೆದುಕೊಂಡು, ಆಫ್ ಮಾಡಿದಾಗ ಸಲೀಸಾಗಿ ವಾಪಸ್ ಬರಬೇಕು. ತಡೆದು ತಡೆದು ಬಂದರೆ ಒಳಗೆ ಮಸಿ ಕಟ್ಟಿ ರೆಕ್ಕೆಗಳು ಹಿಡಿದಿವೆ. ಇದಕ್ಕೆ ಹೆಚ್ಚಾಗಿ ಕ್ಲೀನಿಂಗ್ ಸಾಕು, ಹೊಸ ಟರ್ಬೊ ಬೇಡ. ಸಾದಾ ವೇಸ್ಟ್‌ಗೇಟ್ ಟರ್ಬೊದಲ್ಲಿ ಐಡಲಲ್ಲಿ ಸರಳು ಕದಲದಿದ್ದರೆ ಅದು ತಪ್ಪಲ್ಲ. ಇದು ಗೊತ್ತಿಲ್ಲದೆ ಆಕ್ಚುಯೇಟರ್ ಬದಲಾಯಿಸಿದವರೂ ಇದ್ದಾರೆ. ಸರಳಿನ ನಟ್ ತಿರುಗಿಸಿ "ಸ್ವಲ್ಪ ಪಿಕಪ್ ಜಾಸ್ತಿ ಮಾಡೋಣ" ಅನ್ನುವ ಆಸೆ ಬೇಡ.

ಹಂತ 7: ಹೊಗೆ ಹೊರಗೆ ಹೋಗುವ ದಾರಿ

ಇಜಿಆರ್ ವಾಲ್ವ್ ತೆರೆದೇ ಹಿಡಿದುಕೊಂಡರೆ ಹೊಗೆ ಮತ್ತೆ ಮತ್ತೆ ಒಳಗೇ ಬಂದು ಕಪ್ಪು ಹೊಗೆ, ಮಂಕು ಪಿಕಪ್. ಬಿಚ್ಚಿ ತೊಳೆದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಇದೆ. ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಅಂತ ನಾಲ್ಕು ನಾಲ್ಕು ಕಿಲೋಮೀಟರ್ ಓಡಿಸಿದರೆ ಅದು ಬಿಸಿಯೇ ಆಗದೆ ಮಸಿ ತುಂಬಿಕೊಳ್ಳುತ್ತದೆ. ಡಿಪಿಎಫ್ ಲೈಟ್ ಮಾತ್ರ ಹತ್ತಿದ್ದರೆ, ಭದ್ರಾವತಿ, ತರೀಕೆರೆ ಕಡೆಯ ಅಗಲ ರಸ್ತೆಯಲ್ಲಿ 60ರ ಮೇಲೆ ಒಂದೇ ಸಮ 20-25 ನಿಮಿಷ ಓಡಿಸಿ. ನಡುವೆ ಚಹಾಕ್ಕೆ ಅಂತ ಆಫ್ ಮಾಡಬೇಡಿ. ಫ್ಯಾನ್ ಜೋರಾಗಿ ತಿರುಗಿ ಸುಟ್ಟ ವಾಸನೆ ಬಂದರೆ ಅದು ಸುಟ್ಟು ಚೊಕ್ಕಟವಾಗುತ್ತಿದೆ ಅಂತ. ಒಣ ಹುಲ್ಲು, ತರಗೆಲೆ ಮೇಲೆ ಮಾತ್ರ ಆಗ ನಿಲ್ಲಿಸಬೇಡಿ. ಎಂಜಿನ್ ಲೈಟೂ ಜೊತೆಗೆ ಹತ್ತಿದ್ದರೆ ನೇರ ಸ್ಕ್ಯಾನರ್ ಇದ್ದ ಗ್ಯಾರೇಜಿಗೆ.

ಹಂತ 8: ಇಂಧನ

ಡೀಸೆಲ್ ಫಿಲ್ಟರಿನ ತಳದ ನೀರು ಬಸಿಯಿರಿ. ಐಡಲ್ ಚೆನ್ನಾಗಿದ್ದು, ಮೇಲಿನ ಆರ್‌ಪಿಎಂನಲ್ಲಿ ಹೊಗೆಯೇ ಇಲ್ಲದೆ ಉಸಿರು ಕಟ್ಟಿದರೆ ಫಿಲ್ಟರ್ ಮೇಲೆ ಮೊದಲ ಅನುಮಾನ. ಪೆಟ್ರೋಲ್ ಟರ್ಬೊ ಆಗಿದ್ದು ಭಾರದಲ್ಲಿ ಜರ್ಕ್ ಹೊಡೆದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಿ. ಏರಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ "ಕಿಣಿಕಿಣಿ" ಬಂದರೆ ಆಕ್ಸಿಲರೇಟರ್ ಬಿಟ್ಟು ಕೆಳಗಿನ ಗೇರಿಗೆ ಬನ್ನಿ, ಹಾಗೇ ಒತ್ತಿದರೆ ಪಿಸ್ಟನ್ ಹೋಗುತ್ತದೆ.

ಹಂತ 9: ಈಗ ಟರ್ಬೊ

ತಣ್ಣಗಿನ ಎಂಜಿನ್. ಫಿಲ್ಟರ್ ಕಡೆಯ ಪೈಪ್ ತೆಗೆದರೆ ಟರ್ಬೊದ ಚಕ್ರ ಕಾಣುತ್ತದೆ. ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಸಲೀಸಾಗಿ ತಿರುಗಬೇಕು. ಅಡ್ಡಕ್ಕೆ ಅಲ್ಲಾಡಿಸಿ. ಸ್ವಲ್ಪ ಅಲ್ಲಾಡಿದರೆ ಅದು ಸರಿಯೇ, ಆ ಸಂದಿಯಲ್ಲಿ ಆಯಿಲ್ ಪದರ ಕೂರುತ್ತದೆ. ಎಷ್ಟೋ ಚೆನ್ನಾಗಿದ್ದ ಟರ್ಬೊ ಗುಜರಿಗೆ ಹೋಗಿದ್ದು ಈ ಅಲ್ಲಾಟ ನೋಡಿಯೇ. ಆದರೆ ಒಳಗೆ ಹೊರಗೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಸರಿದರೆ, ರೆಕ್ಕೆಯ ತುದಿ ಗೋಡೆಗೆ ಉಜ್ಜಿದ ಹೊಳಪು ಗೆರೆ ಇದ್ದರೆ, ರೆಕ್ಕೆ ಮುಕ್ಕಾಗಿದ್ದರೆ ಅದರ ಕೆಲಸ ಮುಗಿದಿದೆ. ಪೈಪಿನಲ್ಲಿ ಪಸೆಗೆ ಬದಲು ಆಯಿಲ್ ನಿಂತಿದ್ದರೂ ಅನುಮಾನ ಪಡಿ, ಆದರೆ ಮೊದಲು ಬ್ರೀದರ್ ಮತ್ತು ಡಿಪ್‌ಸ್ಟಿಕ್ ನೋಡಿ. ಆಯಿಲ್ ಜಾಸ್ತಿ ತುಂಬಿಸಿದ್ದರೂ ಹೀಗಾಗುತ್ತದೆ.

ಟರ್ಬೊ ಸಾಯುವುದು ಹೆಚ್ಚಾಗಿ ಆಯಿಲ್ ಕಾರಣಕ್ಕೇ. ತಡವಾದ ಸರ್ವಿಸ್, ಕಟ್ಟಿದ ಆಯಿಲ್ ಪೈಪ್. ಇನ್ನೊಂದು ನಮ್ಮದೇ ಅಭ್ಯಾಸ: ಸೋಮೇಶ್ವರದಿಂದ ಎರಡನೇ ಗೇರಲ್ಲಿ ಘಾಟಿ ಹತ್ತಿ, ಸೂರ್ಯ ಮುಳುಗಿಬಿಡುತ್ತಾನೆ ಅಂತ ಆಗುಂಬೆ ಸೂರ್ಯಾಸ್ತದ ಜಾಗದಲ್ಲಿ ಗಾಡಿ ನಿಲ್ಲಿಸಿದ ಕ್ಷಣವೇ ಕೀ ತೆಗೆದು ಓಡುವುದು. ಕಾದು ಕೆಂಡವಾದ ಟರ್ಬೊದಲ್ಲಿ ನಿಂತ ಆಯಿಲ್ ಅಲ್ಲೇ ಸುಟ್ಟು ಕರಿಕಟ್ಟುತ್ತದೆ. ಒಂದು ನಿಮಿಷ ಐಡಲಲ್ಲಿ ಬಿಡಿ. ಸೂರ್ಯ ಕಾಯುತ್ತಾನೆ.

ಹಂತ 10: ಹೊಸ ಟರ್ಬೊ ಹಾಕಿಸಲೇಬೇಕಾದರೆ

ಗ್ಯಾರೇಜಿನವರ ಪಕ್ಕ ನಿಂತು ಇಷ್ಟನ್ನು ಮಾಡಿಸಿ. ಹೊಸ ಆಯಿಲ್, ಹೊಸ ಆಯಿಲ್ ಫಿಲ್ಟರ್. ಟರ್ಬೊಗೆ ಆಯಿಲ್ ತರುವ ಪೈಪ್ ಹೊಸದು, ವಾಪಸ್ ಹೋಗುವ ಪೈಪ್ ಚೊಕ್ಕಟ. ಇಂಟರ್‌ಕೂಲರ್ ಕಳಚಿ ಒಳಗೆ ನಿಂತ ಆಯಿಲ್ ಮತ್ತು ಹಳೇ ರೆಕ್ಕೆಯ ಚೂರು ತೊಳೆಯಬೇಕು, ಇದನ್ನು ಬಿಟ್ಟರೆ ಹೊಸ ಎಂಜಿನ್ ಕೆಲಸವೇ ಬಂದೀತು. ಆಯಿಲ್ ಪೈಪಿನ ಜೋಡಣೆಗೆ ಸಿಲಿಕಾನ್ ಪೇಸ್ಟ್ ಬೇಡ ಅನ್ನಿ, ಅದರ ತುಣುಕು ಕಿತ್ತು ಹೋಗಿ ಆಯಿಲ್ ದಾರಿ ಮುಚ್ಚುತ್ತದೆ.

ಜೋಡಿಸುವಾಗ ಟರ್ಬೊದ ಆಯಿಲ್ ತೂತಿಗೆ ಹೊಸ ಆಯಿಲ್ ಹನಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಲಿ. ಮೊದಲ ಸ್ಟಾರ್ಟಿಗೆ ಮುಂಚೆ ಇಂಧನ ಬಂದ್ ಮಾಡಿ, ಆಯಿಲ್ ಲೈಟ್ ಆರುವವರೆಗೆ ಐದೈದು ಸೆಕೆಂಡು ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಲಿ. ಆಮೇಲೆ ಸ್ಟಾರ್ಟ್ ಮಾಡಿ ಮೂರು ನಾಲ್ಕು ನಿಮಿಷ ಐಡಲ್, ರೇಸ್ ಬೇಡ. ನಾಲ್ಕೈದು ದಿನ ಓಡಿಸಿದ ಮೇಲೆ ಕ್ಲಿಪ್ಪುಗಳನ್ನು ಇನ್ನೊಮ್ಮೆ ನೋಡಿ, ಹೋಸಿನ ತಳಕ್ಕೆ ಬಟ್ಟೆ ಹಾಯಿಸಿ. ಕೆಂಪು ಒದ್ದೆ ಮೆತ್ತಿದ್ದರೆ 5ನೇ ಹಂತಕ್ಕೆ ವಾಪಸ್.